ದೇವರನ್ನು ನಂಬದವನಿಗೆ ಎಎ ಆಗಿಬರುತ್ತಾ?

ತುಟಿ_ಆಡಿಸುವವ:
ಕುಡಿತ ಬಿಟ್ಟು ಕೆಲವು ತಿಂಗಳಾಯಿತು. ಡಾಕ್ಟರ ಹತ್ತಿರ ಹೋಗುತ್ತೇನೆ, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಗುಂಪು) ಮೀಟಿಂಗಿಗೂ ಹೋಗುತ್ತೇನೆ. ಅಲ್ಲಿನ ಜನ ಇಷ್ಟ. ಆದರೆ ಅವರ ಹನ್ನೆರಡು ಹೆಜ್ಜೆಗಳಲ್ಲಿ ಮೂರನೇ ಹೆಜ್ಜೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಮ್ಮ ಇಚ್ಛೆಯನ್ನೂ ಬದುಕನ್ನೂ ದೇವರಿಗೆ ಒಪ್ಪಿಸಬೇಕಂತೆ. ನಾನು ಚಿಕ್ಕಂದಿನಿಂದಲೂ ನಂಬಿದವನಲ್ಲ. ಕೊನೆಯಲ್ಲಿ ಎಲ್ಲರೂ ಎದ್ದು ಪ್ರಾರ್ಥನೆ ಹೇಳುವಾಗ ಸುಮ್ನೆ ತುಟಿ ಆಡಿಸುತ್ತೇನೆ. ಕುಡಿಯುವಾಗ ದಿನಾ ಸುಳ್ಳು ಹೇಳುತ್ತಿದ್ದೆ, ಬಿಟ್ಟ ಮೇಲೂ ಹೇಳಬೇಕಾ? ನಂಬಿಕೆ ಇಲ್ಲದೆ ಬಿಟ್ಟವರು ಯಾರಾದರೂ ಇದ್ದೀರಾ?

ಶರಣು:
ಹೋಗುತ್ತಾ ಇರಿ ಸರ್, ನಂಬಿಕೆ ತಾನಾಗಿ ಬರುತ್ತದೆ. ನನಗೆ ಬಂತು.

ಹಿಂದಿನ_ಸಾಲು:
ಎಲ್ಲರಿಗೂ ಬರಲ್ಲ ಶರಣು ಅವರೇ. ಎಷ್ಟೋ ವರ್ಷದಿಂದ ನಾನು ಕುಡಿದಿಲ್ಲ, ಇವತ್ತಿಗೂ ದೇವರನ್ನು ನಂಬಿಲ್ಲ.

ಮೊದಲು ತುಟಿ ಆಡಿಸುವುದು ಬಿಡಿ. ಬಾಯಿ ಮುಚ್ಚಿ ನಿಂತುಕೊಳ್ಳಿ, ಯಾರೂ ಏನೂ ಅನ್ನಲ್ಲ. ಎಎ ಸದಸ್ಯನಾಗಲು ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು.

ಮೂರನೇ ಹೆಜ್ಜೆಯಲ್ಲಿ ‘ನಾವು ಅರ್ಥ ಮಾಡಿಕೊಂಡಂಥ ದೇವರು’ ಅಂತಿದೆ, ಗಮನಿಸಿ. 1939ರಲ್ಲಿ ಎಎ ಪುಸ್ತಕ ಬರುವ ಮುಂಚೆ ಗುಂಪಿನಲ್ಲೇ ಇದ್ದ ನಾಸ್ತಿಕರು ಜಗಳ ತೆಗೆದು ಸೇರಿಸಿದ ಮಾತು ಅದು. ಅಂದರೆ ನಿಮ್ಮ ತಕರಾರು ಎಎಯಷ್ಟೇ ಹಳೆಯದು. ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್‌ಗೆ 1934ರಲ್ಲಿ ಆಸ್ಪತ್ರೆಯಲ್ಲಿ ದೊಡ್ಡ ಬೆಳಕು ಕಂಡಿತಂತೆ. ಅದನ್ನು ಓದಿದವರು ತಮಗೂ ಹಾಗೇ ಆಗಬೇಕು ಅಂದುಕೊಂಡರು. ಕೊನೆಗೆ ಪುಸ್ತಕಕ್ಕೆ ಅನುಬಂಧ ಸೇರಿಸಿ, ಹೆಚ್ಚಿನವರಲ್ಲಿ ಬದಲಾವಣೆ ನಿಧಾನಕ್ಕೆ ಆಗುತ್ತದೆ ಅಂತ ಹೇಳಬೇಕಾಯಿತು.

ಎಎಯಲ್ಲಿ ಹೇಳುವ ‘ನಮಗಿಂತ ಮಿಗಿಲಾದ ಶಕ್ತಿ’ ನನ್ನ ಪಾಲಿಗೆ ಆ ರೂಮಿನಲ್ಲಿ ಕೂತ ಜನ. ‘ಇವತ್ತೊಂದೇ ಪೆಗ್’ ಅಂತ ತಲೆ ಶುರು ಮಾಡುತ್ತದಲ್ಲ, ಅದು ಭಾರಿ ವಕೀಲ. ಒಬ್ಬನೇ ಕೂತು ಅದರ ಜೊತೆ ವಾದಿಸಿ ಗೆಲ್ಲುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ಈಗ ವಾದಕ್ಕೆ ಇಳಿಯುವುದಿಲ್ಲ, ಸೀದಾ ನನ್ನ ಕೈ ಹಿಡಿದು ನಡೆಸುವ ಹಳೆಯ ಸದಸ್ಯರಿಗೆ, ಅಂದರೆ ಸ್ಪಾನ್ಸರ್‌ಗೆ ಫೋನ್. ಅವರು ಉಪದೇಶ ಮಾಡಲ್ಲ. ‘ಊಟ ಆಯ್ತಾ? ಚಪ್ಪಲಿ ಹಾಕ್ಕೊಂಡಿದ್ದೀಯಾ?’ ಅಂತ ಕೇಳುತ್ತಾರೆ. ಹೂಂ ಅಂದರೆ, ಬಿಚ್ಚಿಟ್ಟು ಬಾ, ಆಮೇಲೆ ಮಾತಾಡೋಣ ಅನ್ನುತ್ತಾರೆ. ಬಿಚ್ಚಿಡುತ್ತೇನೆ. ನನ್ನ ಮೂರನೇ ಹೆಜ್ಜೆ ಅಷ್ಟೇ. ನಾಲ್ಕನೆಯದರಲ್ಲಿ ಯಾರ ಮೇಲೆ ಏನೇನು ಸಿಟ್ಟಿದೆ ಅಂತ ಬರೆಯಲು ಕೂತಾಗ ಗೊತ್ತಾಯಿತು, ದೇವರಿಗಿಂತ ದೊಡ್ಡ ತಲೆನೋವು ನಮ್ಮಣ್ಣ ಅಂತ!

ನೈಟ್_ಡ್ಯೂಟಿ:
ನಾನು ನರ್ಸ್. ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ದೇವರ ಮೇಲೆ ಭಾರ ಹಾಕಿ ಮನೆಯಲ್ಲೇ ದಿಢೀರ್ ಅಂತ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವವೇ ಹೋಗಬಹುದು. ಡಾಕ್ಟರ ಕಣ್ಣೆದುರೇ ಬಿಡಿ. ಆಮೇಲೆ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಥರದ ಮಾತ್ರೆ ಕೊಟ್ಟರೆ, ಅದನ್ನು ನಂಬಿಕೆಯ ಕೊರತೆ ಅನ್ನುವವರಿಗೆ ಕಿವಿ ಕೊಡಬೇಡಿ.

ನಂಬಿಕೆಯ ವಿಷಯಕ್ಕೆ ಬಂದರೆ, 2020ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದ್ದು) ನೋಡಿ. ಕುಡಿತ ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಎಎಗೆ ಸೇರಿಸಿ ಕೊಡುವ ಚಿಕಿತ್ಸೆ ಸಿಬಿಟಿಯಂಥ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಬೇರೆ ಚಿಕಿತ್ಸೆಗಳಿಗಿಂತ ಚೆನ್ನಾಗಿಯೇ ಕೆಲಸ ಮಾಡಿದೆ. ಯಾಕೆ ಅಂತ ಹುಡುಕಿದವರಿಗೆ ಮುಖ್ಯವಾಗಿ ಕಂಡದ್ದು ಒಡನಾಟ ಬದಲಾದದ್ದು. ಚಟ ತೀರಾ ಬಲಿತವರಲ್ಲಿ ಮಾತ್ರ ಆಧ್ಯಾತ್ಮದ ಪಾಲೂ ಎದ್ದು ಕಂಡಿತು. ಹಾಗಾಗಿ ಶರಣು ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ದೇವರ ಸುದ್ದಿಯೇ ಬೇಡ ಅಂದರೆ ಸ್ಮಾರ್ಟ್ ರಿಕವರಿ ಗುಂಪುಗಳಿವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ.

ತುಟಿ_ಆಡಿಸುವವ:
ಥ್ಯಾಂಕ್ಸ್. ನನಗಿನ್ನೂ ಸ್ಪಾನ್ಸರ್ ಇಲ್ಲ. ಕೇಳೋದು ಹೇಗೆ? ನಾಚಿಕೆ ಆಗುತ್ತೆ.

ಹಿಂದಿನ_ಸಾಲು:
ಮೀಟಿಂಗ್ ಮುಗಿದ ಮೇಲೆ ಕುರ್ಚಿ ಎತ್ತಿಡಲು ನಿಲ್ಲಿ, ಆಗ ಕೇಳಿ. ನಂಬಿಕೆ ಇಲ್ಲ ಅಂತ ಮೊದಲೇ ಹೇಳಿಬಿಡಿ. ಆಗಲ್ಲ ಅಂದರೆ ಬೇಜಾರು ಮಾಡ್ಕೋಬೇಡಿ, ಪಕ್ಕದ ಕುರ್ಚಿ ಎತ್ತುತ್ತಿರುವವರನ್ನು ಕೇಳಿ.