ಅಣ್ಣನನ್ನು ನೇರವಾಗಿ ಕೇಳಬಹುದಾ?

ಹಾವೇರಿ_ಹುಡುಗ:
ನಮ್ಮ ದೊಡ್ಡಪ್ಪನ ಮಗ. ಎರಡು ವರ್ಷದಿಂದ ಮೆಕ್ಕೆಜೋಳ ಕೈಕೊಟ್ಟಿದೆ, ಬ್ಯಾಂಕಿನದ್ದಲ್ಲದೆ ಕೈಸಾಲವೂ ಇದೆ. ಮೊದಲು ಸಂಜೆಯಾದರೆ ಕಟ್ಟೆಗೆ ಬಂದು ಕೂರುತ್ತಿದ್ದ, ಈಗ ಮನೆ ಬಿಟ್ಟು ಹೊರಗೇ ಬರುವುದಿಲ್ಲ. ಮೊನ್ನೆ ಅತ್ತಿಗೆ ಹತ್ತಿರ "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಅಂದನಂತೆ. ನಾನು ಬೆಂಗಳೂರಲ್ಲಿದ್ದೇನೆ, ನಾಳೆ ಊರಿಗೆ ಹೋಗುತ್ತೇನೆ. ಸಾಯುವ ಯೋಚನೆ ಬರುತ್ತಾ ಅಂತ ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದ ಹಾಗಾಗುತ್ತಾ?

ನರ್ಸ್_ಅಕ್ಕ:
ಇಲ್ಲ ತಮ್ಮಾ, ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ನುಂಗಿಕೊಂಡು ಕೂತವರಿಗೆ ಬಾಯಿ ಬಿಡಲು ಒಂದು ದಾರಿ ಸಿಗುತ್ತದೆ. ನಾಳೆವರೆಗೆ ಕಾಯಬೇಡಿ, ಈಗಲೇ ಫೋನ್ ಮಾಡಿ. ಬುದ್ಧಿ ಹೇಳಬೇಡಿ, "ಮಕ್ಕಳ ಮುಖ ನೋಡು" ಅನ್ನಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಲು ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅತ್ತಿಗೆಯೂ ಮಾಡಬಹುದು, ನೀವೂ ಮಾಡಬಹುದು.

ಇನ್ನೊಂದು ಮುಖ್ಯ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಲು ಅತ್ತಿಗೆಗೆ ಹೇಳಿ.

ಶಿರಸಿ_ಮೇಷ್ಟ್ರು:
ಅಕ್ಕ ಕೊನೆಯಲ್ಲಿ ಹೇಳಿದ್ದನ್ನು ಹಗುರವಾಗಿ ತಗೋಬೇಡಿ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. ತುಂಬ ವಿಷಕಾರಿಯಾದ ಕೀಟನಾಶಕಗಳನ್ನು ಸರ್ಕಾರ ಒಂದೊಂದಾಗಿ ನಿಷೇಧಿಸಿತು, ಹತ್ತು ವರ್ಷದಲ್ಲಿ ಆ ಪ್ರಮಾಣ ಅರ್ಧಕ್ಕೆ ಇಳಿಯಿತು, ಬೆಳೆಯ ಇಳುವರಿಯೇನೂ ಕುಸಿಯಲಿಲ್ಲ. ಆ ಗಳಿಗೆ ಎಷ್ಟೇ ಗಟ್ಟಿಯಾಗಿ ಬಂದರೂ ದಾಟಿಹೋಗುತ್ತದೆ, ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ, ಉಳಿದವರಲ್ಲಿ ಹೆಚ್ಚಿನವರು ಮತ್ತೆ ಆ ದಾರಿ ಹಿಡಿಯುವುದಿಲ್ಲ. ನಮ್ಮ ದೇಶದಲ್ಲಿ 2022ರಲ್ಲಿ 1,70,924 ಜನ ಆತ್ಮಹತ್ಯೆಯಿಂದ ಹೋದರು ಅಂತ ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆ ಎನ್‌ಸಿಆರ್‌ಬಿಯ ಲೆಕ್ಕ. ಡೆಂಗ್ಯೂ ಬಂದರೆ ಊರೂರಿಗೆ ಸೊಳ್ಳೆ ಔಷಧಿ ಹೊಡೆಸುತ್ತೇವೆ ಅಲ್ವಾ, ಇದನ್ನು ಮಾತ್ರ ಆಯಾ ಮನೆಯ ಹಣೆಬರಹ ಅಂತ ಯಾಕೆ ಬಿಡಬೇಕು?

ಹಾವೇರಿ_ಹುಡುಗ:
ಅತ್ತಿಗೆಗೆ ಇನ್ನೊಂದು ಭಯ, ಆಸ್ಪತ್ರೆಗೆ ಹೋಗಿ ಹೇಳಿದರೆ ಪೊಲೀಸ್ ಕೇಸ್ ಆಗುತ್ತೆ ಅಂತ.

ನರ್ಸ್_ಅಕ್ಕ:
ಯೋಚನೆ ಬರುತ್ತೆ ಅಂತ ಹೇಳಿಕೊಳ್ಳುವುದು ಯಾವತ್ತೂ ಅಪರಾಧ ಅಲ್ಲ. ಪ್ರಯತ್ನ ಮಾಡಿದವರನ್ನೂ 2017ರ ಮಾನಸಿಕ ಆರೋಗ್ಯ ಕಾಯ್ದೆ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ, ಆರೈಕೆ ಕೊಡುವುದು ಸರ್ಕಾರದ ಕೆಲಸ ಅನ್ನುತ್ತದೆ. ಧೈರ್ಯವಾಗಿ ಕರೆದುಕೊಂಡು ಹೋಗಿ.

ಹಾವೇರಿ_ಹುಡುಗ:
ಫೋನ್ ಮಾಡಿದೆ. ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ, ಆಮೇಲೆ ಅತ್ತುಬಿಟ್ಟ. ಔಷಧಿ ಡಬ್ಬಗಳನ್ನು ಮಾವ ತಗೊಂಡು ಹೋದರು, ರಾತ್ರಿ ಅವನ ಜೊತೆಗೇ ಮಲಗುತ್ತಾರೆ. ನಾನು ರಾತ್ರಿ ಬಸ್ಸಿಗೇ ಹೊರಟಿದ್ದೇನೆ, ಬೆಳಿಗ್ಗೆ ಜಿಲ್ಲಾಸ್ಪತ್ರೆಗೆ ಹೋಗುತ್ತೇವೆ.