ಅಪ್‌ಡೇಟ್: ಕವಚದ ಅಂಚು ಕತ್ತರಿಸಿದ್ದಾಯಿತು

1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಸೈನಿಕರ ಕವಚದ ಪ್ರತಿಕೃತಿಯನ್ನು ಮನೆಯಲ್ಲಿ ಸಿದ್ಧಪಡಿಸುವಾಗ, ಅಚ್ಚಿನಿಂದ ಬಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳ ಹೆಚ್ಚುವರಿ ಅಂಚನ್ನು ತಿರುಗುವ ಬ್ಲೇಡಿನ ಯಂತ್ರದಿಂದ ಕತ್ತರಿಸಬಹುದೇ ಎಂದು ಕೇಳಿದ್ದೆ. ಬೇಡ, ಚಾಕುವಿನಿಂದ ಗೀರಿ ಮುರಿಯಿರಿ ಎಂದು ಹೆಚ್ಚಿನವರು ಹೇಳಿದ್ದಿರಿ. ಸಲಹೆ ಸರಿಯಾಗಿತ್ತು. ಆದರೂ ಅದನ್ನು ಒಪ್ಪುವ ಮೊದಲು ಮುಂಗೈಯ ಒಂದು ತುಂಡಿನ ಮೇಲೆ ಯಂತ್ರವನ್ನೇ ಓಡಿಸಿ ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ: ಬಿಸಿಗೆ ಪ್ಲಾಸ್ಟಿಕ್ ಕರಗಿ, ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಂಡಿತು.

ಅನಂತರ ಪೆನ್ಸಿಲ್ ಗೆರೆಯ ಮೇಲೆ ಉಕ್ಕಿನ ಸ್ಕೇಲನ್ನಿಟ್ಟು, ಹೆಚ್ಚು ಒತ್ತದೆ ಮೂರು ನಾಲ್ಕು ಬಾರಿ ಗೀರಿ, ಅಂಚನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದಾಗ ಅದು ಗೆರೆಯುದ್ದಕ್ಕೂ ಸ್ವಚ್ಛವಾಗಿ ಬಿಟ್ಟುಕೊಂಡಿತು. ಬಾಗಿದ ಅಂಚುಗಳಲ್ಲಿ ಮಾತ್ರ ಈ ಉಪಾಯ ಅಷ್ಟಾಗಿ ನಡೆಯಲಿಲ್ಲ. ಅಲ್ಲಿಗೆ ರಿಮೋಟ್ ಕಾರುಗಳ ಹೊರಕವಚ ಕತ್ತರಿಸುವ, ಅಲಗು ಬಾಗಿರುವ ಚಿಕ್ಕ ಕತ್ತರಿಯನ್ನು ತರಿಸಿಕೊಂಡೆ.

ನಿಜವಾದ ತಪ್ಪು ನಡೆದದ್ದು ಎಡತೊಡೆಯಲ್ಲಿ. ತುಂಡುಗಳನ್ನು ಟೇಪಿನಿಂದ ಸೇರಿಸಿ ತೊಟ್ಟು ನೋಡಿ, ಎರಡೂ ಬದಿಯಿಂದ ಸಮವಾಗಿ ತೆಗೆಯಬೇಕಿದ್ದ ನಾನು, ಅವಸರದಲ್ಲಿ ಒಂದೇ ಬದಿಯಿಂದ 4 ಮಿ.ಮೀ. ಹೆಚ್ಚಾಗಿ ಕತ್ತರಿಸಿಬಿಟ್ಟೆ. ಚಿತ್ರದ ಮೂಲ ಕವಚದಲ್ಲಿ ಅಂಚಿಗೆ ಅಂಚು ತಾಗಿಸಿ ಮೇಲೊಂದು ಪಟ್ಟಿ ಅಂಟಿಸುವ ಕ್ರಮವೇ ಇರುವುದರಿಂದ, ಒಳಗಡೆ ಚೂರುಪ್ಲಾಸ್ಟಿಕ್ಕಿನ ಆಧಾರ ಕೊಟ್ಟು, ಹೊರಗೆ 20 ಮಿ.ಮೀ. ಅಗಲದ ಪಟ್ಟಿ ಹಾಕಿದಾಗ ಆ ಸಂದು ಕಾಣದಾಯಿತು. ಮೊಣಕಾಲಿನ ಬಳಿಯ ಸಣ್ಣ ಬಿರುಕಿಗೆ, ಉಳಿದ ಚೂರುಗಳನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿದ ಅಂಟುಮುದ್ದೆಯನ್ನು, ಗಾಳಿಯಾಡುವ ಬಾಲ್ಕನಿಯಲ್ಲಿ ಕುಳಿತು ತುಂಬಿದೆ. ಮರಳುಕಾಗದದಿಂದ ಅಂಚು ನಯಗೊಳಿಸುವುದು ಇನ್ನೂ ಬಾಕಿಯಿದೆ. ಶಿರಸ್ತ್ರಾಣದ ಕಣ್ಣಿನ ಭಾಗವನ್ನು ಕತ್ತರಿಸುವ ಧೈರ್ಯ ಈ ಅನುಭವದ ನಂತರ ಬಂದಿದೆ.