ಕಟ್ಟೆಗೊಂದು ಟೆಂಡರ್

"ಬಿದ್ದಿರೋದು ಮೂರೇ ಕಲ್ಲು" ಅಂದ್ರು ಶೆಟ್ರು. ಅಲ್ಲೇ ಕೂರಕ್ಕೆ ಹೋಗಿ ಪಂಚೆ ಹರ್ಕೊಂಡ ಮೇಲೆ.

"ಮೂರೇ ಕಲ್ಲು ಅಂತ ಹಗುರವಾಗಿ ಮಾತಾಡ್ಬೇಡಿ ಶೆಟ್ರೆ, ಇದು ನಮ್ ಲೇಔಟ್ ಸಂಘದ ಅಸೆಟ್ಟು" ಅಂದ ಕಿಟ್ಟಿ. ಸೆಕ್ರೆಟರಿ ಆದಾಗಿಂದ ಅವನ ಬಾಯಲ್ಲಿ ಕಟ್ಟೆ ಅಸೆಟ್ಟು, ಹೊಂಗೆ ಮರ ಸೈಟ್ ಕಂಡೀಷನ್ನು, ನಾವು ನಾಕು ಜನ ಸ್ಟೇಕ್‌ಹೋಲ್ಡರ್ಸು. "ಯಾರನ್ನೋ ಕರ್ದು ಮಾಡ್ಸೋ ಕಾಲ ಹೋಯ್ತು. ಫಸ್ಟು ಪ್ರೊಕ್ಯೂರ್‌ಮೆಂಟ್ ರೂಟ್ ಯಾವ್ದು, ಅಂದ್ರೆ ಕೆಲ್ಸಾನ ಯಾವ ರೀತಿ ಕೊಡೋದು ಅಂತ ಡಿಸೈಡ್ ಆಗ್ಬೇಕು."

"ರೂಟು ತಾನೆ? ಬೆಳಿಗ್ಗೆ ಏಳು ಗಂಟೆಗೆ ಸರ್ಕಲ್ ಹತ್ರ ಹೋಗು, ಗಾರೆ ಕೆಲಸದೋರು ಬುತ್ತಿ ಹಿಡ್ಕೊಂಡು ನಿಂತಿರ್ತಾರೆ, ಅಲ್ಲಿಂದ ವಾಪಸ್ ಇಲ್ಲಿಗೆ. ಆಟೋಗೆ ಮಿನಿಮಮ್ ಚಾರ್ಜು" ಅಂದ ಚಂದ್ರಣ್ಣ.

ಕಿಟ್ಟಿ ಮೊಬೈಲ್ ತೆಗ್ದ. ಅವನ ಮಗ ಬೆಂಗ್ಳೂರಲ್ಲಿ ಯಾವ್ದೋ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಂಪ್ನೀಲಿದಾನೆ, ಅಪ್ಪ ಕೇಳಿದ ಅಂತ 22 ಸ್ಲೈಡ್ ಮಾಡಿ ಕಳ್ಸಿದಾನೆ. 12 ಅಡಿ ಕಟ್ಟೆಗೆ 22 ಸ್ಲೈಡು, ಅಂದ್ರೆ ಅಡಿಗೆ ಹತ್ತತ್ರ ಎರಡು.

"ನೋಡಿ, ಇಪಿಸಿ. ಡಿಸೈನು, ಸಾಮಾನು, ಕಟ್ಟೋದು, ಎಲ್ಲಾ ಒಬ್ನಿಗೇ. ನಮ್ಗೆ ಏನ್ ಬೇಕೋ ಅಷ್ಟು ಹೇಳಿ ಸುಮ್ನಿದ್ರಾಯ್ತು. ರಿಸ್ಕೆಲ್ಲ ಅವಂದೇ."

"ಅವ್ನು ಡಿಸೈನ್ ಮಾಡಿ ಕಟ್ಟೇನ ಆರೇ ಇಂಚು ಎತ್ತರ ಕಟ್ದ ಅಂತಿಟ್ಕೋ. ರಾಯ್ರು ಕೂತ್ರು. ಆಮೇಲೆ ಎಬ್ಬಿಸೋ ರಿಸ್ಕ್ ಯಾರ್ದು?" ಅಂದ ಚಂದ್ರಣ್ಣ.

"ಅದಕ್ಕೇ ನಾನು ಹೇಳೋದು, ಐಟಂ ರೇಟ್ ಕರೀರಿ" ಅಂದ್ರು ರಾಯ್ರು. ಇಲಾಖೆ ಬಿಟ್ಟು ಹತ್ತು ವರ್ಷದ ಮೇಲಾಗಿದ್ರೂ ಟೆಂಡರ್ ಅಂದ ತಕ್ಷಣ ಬೆನ್ನು ನೆಟ್ಟಗಾಗುತ್ತೆ. "ಡ್ರಾಯಿಂಗ್ ನಮ್ದು, ಸರ್ಕಾರಿ ದರಪಟ್ಟಿ ಇರುತ್ತಲ್ಲ, ಆ ಎಸ್ಆರ್ ರೇಟ್ ಹಾಕಿ ಎಸ್ಟಿಮೇಟ್ ಮಾಡೋದು, ಅವ್ನು ಎಷ್ಟ್ ಕೆಲ್ಸ ಮಾಡ್ತಾನೋ ಅಷ್ಟಕ್ಕೆ ಅಳತೆ ಹಿಡ್ದು ಎಂಬಿ, ಅಂದ್ರೆ ಅಳತೆ ಪುಸ್ತಕ, ಬರ್ದು ಬಿಲ್ಲು."

"ಎಂಬಿ ನೀವೇ ಬರೀತೀರಾ?"

"ಮತ್ತಿನ್ಯಾರು ಬರೀತಾರೆ?"

"ಹಂಗಾದ್ರೆ ಮರಾನ ಸ್ವಲ್ಪ ಆಕಡೆ ಸರಿಸ್ಬೇಕಾಗುತ್ತೆ. ಎಂಬಿಲಿ ಕಟ್ಟೆ 18 ಅಡಿ ಬರುತ್ತೆ."

ರಾಯ್ರು ಐದು ನಿಮಿಷ ಮಾತಾಡ್ಲಿಲ್ಲ. ನಿಜ ಹೇಳ್ಬೇಕಂದ್ರೆ ಆ ಮನುಷ್ಯ ಸರ್ವೀಸಲ್ಲಿ ಒಂದಿಂಚೂ ಹೆಚ್ಚು ಬರ್ದೋರಲ್ಲ, ಅದಕ್ಕೇ ವರ್ಷಕ್ಕೊಂದ್ಸಲ ಟ್ರಾನ್ಸ್‌ಫರ್ ಆಗಿದ್ದು. ಅದು ಚಂದ್ರಣ್ಣಂಗೂ ಗೊತ್ತು, ಆದ್ರೂ ಬಾಯಿ ತಡೀಬೇಕಲ್ಲ.

"ಆಯ್ತಪ್ಪ, ಇಪಿಸಿ ಕೊಟ್ರಿ ಅಂತಾನೇ ಇಟ್ಕೊಳ್ಳಣ" ಅಂದ ಚಂದ್ರಣ್ಣ. "ದೊಡ್ಡ ಕಂಪ್ನಿ ಬಂತು. ಅದು ಸಬ್ ಕಾಂಟ್ರಾಕ್ಟ್ ಕೊಡುತ್ತೆ, ಆ ಸಬ್ಬು ಇನ್ನೊಬ್ಬ ಸಬ್ಬಿಗೆ ಕೊಡುತ್ತೆ. ಕೊನೇಗೆ ಕರಣಿ ಹಿಡ್ಕೊಂಡು ಇಲ್ಲಿಗೆ ಬರೋನ್ಯಾರು?"

"ಮಾದೇವ" ಅಂದ್ರು ಶೆಟ್ರು.

"ಐಟಂ ರೇಟ್ ಕೊಟ್ರೆ?"

"ಮಾದೇವ."

"ಚದರಕ್ಕಿಷ್ಟು ಅಂತ ಗೋಲ್ಡ್ ಪ್ಯಾಕೇಜು, ಪ್ಲಾಟಿನಂ ಪ್ಯಾಕೇಜು, ಆ್ಯಪಲ್ಲಿ ಬುಕ್ ಮಾಡಿದ್ರೆ?"

"ಮಾದೇವಂಗೆ ಒಂದು ಹಳದಿ ಹೆಲ್ಮೆಟ್ ಕೊಟ್ಟಿರ್ತಾರೆ."

"ಅಷ್ಟೇ ನೋಡು ಕಿಟ್ಟಿ. ನಿನ್ನ 22 ಸ್ಲೈಡೂ ನಮ್ಗೂ ಮಾದೇವಂಗೂ ಮಧ್ಯ ಎಷ್ಟು ಜನ ಊಟ ಮಾಡ್ಬೇಕು ಅನ್ನೋ ಲೆಕ್ಕ."

ಕಿಟ್ಟಿ ಬಿಡೋ ಪೈಕಿ ಅಲ್ಲ. "ಹಂಗಾದ್ರೆ ಟ್ರಾನ್ಸ್‌ಪರೆನ್ಸಿ ಬೇಡ್ವಾ? ನಮ್ ರಾಜ್ಯದಲ್ಲಿ 1999ರ ಪಾರದರ್ಶಕ ಕಾಯ್ದೆನೇ ಇದೆ, 2007ರಿಂದ ಆನ್‌ಲೈನಲ್ಲೇ ಟೆಂಡರ್ ಹಾಕೋ ಇ-ಪ್ರೊಕ್ಯೂರ್‌ಮೆಂಟ್ ಇದೆ..."

ಅಲ್ಲಿಗೆ ರಾಯ್ರ ಮುನಿಸು ಕರಗ್ತು. "ಅದಕ್ ಮುಂಚೆ ನೋಡ್ಬೇಕಿತ್ತು ಕಣಯ್ಯ! ಆಫೀಸ್ ವರಾಂಡದಲ್ಲಿ ಬೀಗ ಹಾಕಿರೋ ಟೆಂಡರ್ ಡಬ್ಬ, ಕವರಿಗೆ ಅರಗಿನ ಮುದ್ರೆ. ಗೇಟಲ್ಲಿ ಒಂದಿಪ್ಪತ್ತು ಜನ ಬನಿಯನ್ನಲ್ಲಿ ನಿಂತಿರೋರು, ಅವ್ರ ಕಡೆಯೋನು ಬಿಟ್ಟು ಬೇರೆ ಯಾರೂ ಕವರ್ ಹಾಕಂಗಿಲ್ಲ. ಒಬ್ಬ ಪಾಪದೋನು ಟಿಫನ್ ಕ್ಯಾರಿಯರ್ ಕೆಳಗಿನ ಡಬ್ಬೀಲಿ ಕವರ್ ಇಟ್ಟು ಮೇಲೆ ಚಿತ್ರಾನ್ನ ಹಾಕ್ಕೊಂಡು ಬಂದ. ಗೇಟಲ್ಲಿ ತೆಗ್ದು ನೋಡಿದ್ರು, ಚಿತ್ರಾನ್ನ ತಿಂದ್ರು, ಒಳಗ್ ಬಿಟ್ರು. ಅವನದ್ದೇ ಲೋಯೆಸ್ಟು."

"ಕವರ್ ಹಳದಿ ಆಗಿತ್ತಾ?"

"ಆಗಿತ್ತು. ಅರಿಶಿನ ಅಂದ್ರೆ ಶುಭ ಅಂತ ನಮ್ ಸಾಹೇಬ್ರು ಅಕ್ಸೆಪ್ಟ್ ಮಾಡಿದ್ರು."

ಇ-ಪ್ರೊಕ್ಯೂರ್‌ಮೆಂಟ್ ಬಂದ್ಮೇಲೆ ಗೇಟಲ್ಲಿ ನಿಲ್ಲೋದು ತಪ್ಪಿದೆ, ಅದಂತೂ ಒಪ್ಕೋಬೇಕು. ಚಂದ್ರಣ್ಣನೂ ಒಪ್ಕೊಂಡ. ಚಿತ್ರಾನ್ನದ ಖರ್ಚು ಉಳೀತು ಅಂದ.

"ಇಷ್ಟು ಸಣ್ಣ ಕೆಲ್ಸಕ್ಕೆ ಅದೆಲ್ಲ ಯಾಕೆ, ಮೂರು ಕೊಟೇಶನ್ ತಗೊಳ್ಳಿ ಸಾಕು" ಅಂದ್ರು ಶೆಟ್ರು.

"ಹೋದ್ಸಲ ನೀರಿನ ಸಂಪ್ ಕೆಲ್ಸಕ್ಕೆ ತಗೊಂಡಿದ್ವಲ್ಲ ಶೆಟ್ರೆ. ಮೂರು ಲೆಟರ್‌ಹೆಡ್ಡು, ಮೂರು ಸೀಲು, ಮೂರರಲ್ಲೂ 'ಪ್ಲಾಸ್ಟರಿಂಗ್' ಅನ್ನೋದು 'ಪ್ಲಾಸ್ಟಿಂಗರ್' ಅಂತಿತ್ತು. ಮೂರನ್ನೂ ಒಂದೇ ನೀಲಿ ಪೆನ್ನಲ್ಲಿ ತಿದ್ದಿದ್ರು."

"ಅದಕ್ಕೇ ಓಪನ್ ಟೆಂಡರ್, ಎಲ್ಲಾರ್ಗಿಂತ ಕಮ್ಮಿ ರೇಟ್ ಹಾಕಿದೋನು ಎಲ್-ಒನ್" ಅಂದ ಕಿಟ್ಟಿ.

ಎಲ್-ಒನ್ ಅಂದಿದ್ದೇ ತಡ ಶೆಟ್ರಿಗೆ ನಗು ಬಂತು. ಮೂವತ್ತು ವರ್ಷ ಸಿಮೆಂಟ್ ಮಾರಿರೋ ಮನುಷ್ಯ. "ಎಸ್ಟಿಮೇಟ್‌ಗಿಂತ 25 ಪರ್ಸೆಂಟ್ ಬಿಲೋ ಹಾಕಿ ಎಲ್-ಒನ್ ಬಂದೋನು ಸೀದಾ ನಮ್ ಅಂಗಡಿಗೇ ಬರ್ತಾನೆ. ಮೊದ್ಲು ರೇಟ್ ಕೇಳಲ್ಲ, ಹಳೇ ಮೂಟೆ ಇದ್ಯಾ ಅಂತ ಕೇಳ್ತಾನೆ. ಮಳೆಗಾಲದಲ್ಲಿ ತಂಡಿ ಹಿಡ್ದು ಗಟ್ಟಿ ಆಗಿರುತ್ತಲ್ಲ, ಅದು. ಒಬ್ಬ ಅಂತೂ ಗಟ್ಟಿ ಆಗಿರೋದೇ ಬೇಕು ಅಂದ, ಜಲ್ಲಿ ಬದ್ಲು ಹಾಕ್ದಾಂತ ಕಾಣುತ್ತೆ."

"ಅದಕ್ಕೂ ದಾರಿ ಇದೆ! ಕ್ಯೂಸಿಬಿಎಸ್!" ಕಿಟ್ಟಿ ಸ್ಲೈಡ್ ತಳ್ಳಿದ. "ಕ್ವಾಲಿಟಿಗೂ ಮಾರ್ಕ್ಸು, ರೇಟಿಗೂ ಮಾರ್ಕ್ಸು. ಕಾಮಗಾರಿಗೂ ಮಾಡ್ಬಹುದು ಅಂತ ಕೇಂದ್ರದ ಹಣಕಾಸು ಇಲಾಖೆನೇ 2021ರಲ್ಲಿ ಹೇಳಿದೆ."

"ಕ್ವಾಲಿಟಿಗೆ ಎಷ್ಟು ಮಾರ್ಕ್ಸು?"

"ಹೆಚ್ಚಂದ್ರೆ 30."

"ನೂರಕ್ಕಾ?"

"ಹೂಂ."

"ನಮ್ ಎಸ್ಸೆಸ್ಸೆಲ್ಸೀಲಿ ಪಾಸಾಗಕ್ಕೇ 35 ಬೇಕಿತ್ತಲ್ಲೋ. ಗುಣಮಟ್ಟಕ್ಕೆ ಪೂರ್ತಿ ಮಾರ್ಕ್ಸ್ ತೆಗೆದ್ರೂ ಫೇಲು."

ರಾಯ್ರು ನಕ್ಕು ಕೆಮ್ಮಿ ಸುಧಾರಿಸ್ಕೊಂಡು "ಇದ್ಯಾವ್ದೂ ಬೇಡ, ಯಾವ್ದಾದ್ರೂ ಸರ್ಕಾರಿ ನಿಗಮಕ್ಕೆ 4ಜಿ ವಿನಾಯಿತಿಲಿ ಕೊಟ್ಬಿಡಿ, ಟೆಂಡರೇ ಇಲ್ಲ" ಅಂದ್ರು.

"4ಜಿ ಯಾಕ್ ರಾಯ್ರೆ, ಈಗೆಲ್ಲಾ 5ಜಿ" ಅಂದ್ರು ಶೆಟ್ರು, ಗಂಭೀರವಾಗೇ. ಅದು ಕಾಯ್ದೆಯ 4ನೇ ಸೆಕ್ಷನ್ನಿನ ಜಿ ಅಂತ ಬಿಡಿಸಿ ಹೇಳೋಷ್ಟರಲ್ಲಿ ಕಡ್ಲೆಕಾಯಿಯೋನು ಬಂದು ಹೋದ.

"ಇಲ್ಲಾಂದ್ರೆ ಕಾಂಟ್ರಾಕ್ಟೇ ಬೇಡ, ನಾವೇ ನಿಂತು ಮಾಡ್ಸಣ. ವಿಧಾನಸೌಧ ಹೆಂಗಾಯ್ತು? 1956ಕ್ಕೆ ಮುಗೀತಲ್ಲ, ಜೈಲಿನ ಕೈದಿಗಳೂ ದುಡಿದಿದ್ರು ಅದಕ್ಕೆ."

"ನಮ್ ಲೇಔಟಲ್ಲಿ ಅರ್ಹರು ಬೇಕಾದಷ್ಟು ಜನ ಇದಾರೆ ರಾಯ್ರೆ, ಎಲ್ಲಾ ಬೇಲ್ ಮೇಲಿದಾರೆ, ಅದೇ ತೊಂದ್ರೆ."

ಸಂಘದಲ್ಲಿ ದುಡ್ಡಿಲ್ಲ ಅನ್ನೋ ವಿಷ್ಯ ಆಗ ಹೊರಬಂತು. ಕಿಟ್ಟಿ ಅದಕ್ಕೂ ರೆಡಿ ಇದ್ದ. ಬಿಓಟಿ. ಯಾರೋ ಸ್ವಂತ ದುಡ್ಡಲ್ಲಿ ಕಟ್ತಾರೆ, ಕೂತೋರ ಹತ್ರ ವಸೂಲ್ ಮಾಡ್ಕೊಂಡು ಕೊನೇಗೆ ಕಟ್ಟೇನ ಸಂಘಕ್ಕೆ ವಾಪಸ್ ಕೊಡ್ತಾರೆ.

"ಅಂದ್ರೆ ಕೂತ್ರೆ ಟೋಲು. ನಿಂಗೆ ಹಣೆಗೊಂದು ಫಾಸ್ಟ್ಯಾಗ್ ಅಂಟಿಸ್ಬೇಕು. ಶೆಟ್ರು ಎರಡು ಲೇನ್ ತಗೋತಾರೆ, ಅವ್ರಿಗೆ ಡಬಲ್ಲು."

"ಕಟ್ಟಿದೋನು ಟೋಲ್ ವಸೂಲ್ ಮಾಡೋದು ಬೇಡ ಅಂದ್ರೆ ಹೈಬ್ರಿಡ್ ಆ್ಯನ್ಯುಟಿ. ನಮ್ ಬೆಂಗ್ಳೂರು-ಮೈಸೂರು ಹೈವೇ 118 ಕಿಲೋಮೀಟ್ರೂ ಇದೇ ಮಾಡೆಲ್ಲು, 2023 ಮಾರ್ಚಲ್ಲಿ ಉದ್ಘಾಟನೆ ಆಗ್ಲಿಲ್ವಾ? ಕಟ್ಟೋವಾಗ ನಾವು 40 ಪರ್ಸೆಂಟ್ ಕೊಡೋದು. ಮಿಕ್ಕಿದ್ದು ಅವ್ನು ಹಾಕ್ಕೋತಾನೆ, ಆಮೇಲೆ ಆರ್ ತಿಂಗ್ಳಿಗೊಂದ್ಸಲ ಬಡ್ಡಿ ಸಮೇತ ಕಂತು. 15 ವರ್ಷ."

ಯಾರೂ ಮಾತಾಡ್ಲಿಲ್ಲ. ರಾಯ್ರಿಗೆ 74. ಶೆಟ್ರಿಗೆ ಹೋದ ವರ್ಷ ಸ್ಟೆಂಟ್ ಹಾಕಿದಾರೆ.

"15 ವರ್ಷನಾ?" ಅಂದ ಚಂದ್ರಣ್ಣ. "ಕೊನೇ ಕಂತು ಇಸ್ಕೊಳ್ಳಕ್ಕೆ ಬಂದೋನು ಕಟ್ಟೆ ಮೇಲೆ ಅವ್ನೇ ಒಬ್ನೇ ಕೂತಿರ್ತಾನೆ ಕಣೋ."

ಕಿಟ್ಟಿ ಮೊಬೈಲ್ ಆಫ್ ಮಾಡಿ ಜೇಬಿಗಿಟ್ಕೊಂಡ. ಇನ್ನೂ ಎಂಟು ಸ್ಲೈಡಿತ್ತು.

"ಮಾದೇವಂಗೇ ಫೋನ್ ಹಾಕ್ರಿ ಶೆಟ್ರೆ" ಅಂದ್ರು ರಾಯ್ರು.

ಈ ಕಟ್ಟೆ ಅವ್ನೇ ಕಟ್ಟಿದ್ದು. ಟೆಂಡರಿಲ್ಲ, ಕೊಟೇಶನ್ ಇಲ್ಲ, ಎಲೆ ಅಡಿಕೆ ಮೇಲೆ ನೂರೊಂದು ರೂಪಾಯಿ ಇಟ್ಟು ಕೊಟ್ಟಿದ್ದು ಅಷ್ಟೇ. ಒಂದೊಂದ್ ಕಲ್ಲನ್ನೂ ಸುತ್ತಿಗೇಲಿ ತಟ್ಟಿ ಕಿವಿಗೊಟ್ಟು ಕೇಳಿ ಕೂರಿಸ್ತಿದ್ದ. ಸಂಜೆ ಆಫೀಸಿಂದ ಬಂದ್ಮೇಲೆ ನಾವೇ ಸರದಿ ಮೇಲೆ ನೀರು ಹೊಡೀತಿದ್ವಿ. ಆಗ ನಾವು ಐದು ಜನ.

ಶೆಟ್ರು ಸ್ಪೀಕರ್ ಹಾಕಿದ್ರು.

"ಏಳಿ ಸಾ... ಎಲ್ಲಿಯ ಗಾರೆ ಕೆಲ್ಸ ಸಾ, ಬುಟ್ಟು ಆರು ವರ್ಸ ಆಯ್ತು. ಮಂಡಿ ಓಯ್ತು. ಎಟಿಎಮ್ಮಲ್ಲಿ ವಾಚ್‌ಮನ್ ಇವ್ನಿ."

"ನಿನ್ ಮಗ?"

"ಅವ್ನು ಬೈಕಲ್ಲಿ ಊಟ ಡೆಲಿವರಿ ಮಾಡ್ತನೆ ಸಾ. ಕಲ್ಲು ಮುಟ್ಟಕಿಲ್ಲ ಅಂತನೆ."

ಚಂದ್ರಣ್ಣ ಏನೋ ಹೇಳಕ್ಕೆ ಬಾಯಿ ತೆಗ್ದು ಮುಚ್ಕೊಂಡ. ಅಷ್ಟೊತ್ತೂ ಎಲ್ಲಾ ರೂಟೂ ಇವನ ಹತ್ರಾನೇ ಬಂದು ನಿಲ್ತಿತ್ತು.

"ಯಾವ್ ಕಲ್ಲು ಸಾ ಬಿದ್ದಿರದು? ಮೂಲೇದಾ? ಅದ್ರಡಿ ಪೂಜೆ ದಿನ ನಾಕಾಣೆ ಆಕಿದ್ದೆ, ಅದೆಯಾ ನೋಡಿ."

ಕಿಟ್ಟಿನೇ ಬಗ್ಗಿ ಮಣ್ಣು ಕೆದಕ್ದ. ಇತ್ತು. ಕಪ್ಪಗಾಗಿ ಹೋಗಿತ್ತು. 2011ರಿಂದ ನಾಕಾಣೆ ನಡೆಯಲ್ಲ.

"ಇದೆ ಕಣೋ" ಅಂದ್ರು ಶೆಟ್ರು.

"ಇಎಂಡಿ" ಅಂದ ಚಂದ್ರಣ್ಣ ಮೆಲ್ಲಗೆ. "ಟೆಂಡರ್ ಠೇವಣಿ. ಇನ್ನೂ ರಿಲೀಸ್ ಮಾಡಿಲ್ಲ ನಾವು."

"ಅಂಗೇ ಮಡಗಿರಿ ಸಾ. ಬಾನ್ವಾರ ಡ್ಯೂಟಿ ಇಲ್ಲ, ಬಂದು ನೋಡ್ತೀನಿ. ಎತ್ತಕೆ ಆಗಕಿಲ್ಲ, ಕುಂತ್ಕಂಡು ಏಳ್ತೀನಿ, ನೀವೇ ಎತ್ತಿ ಮಡಗ್ಬೇಕು."

ಶೆಟ್ರು ಫೋನ್ ಇಟ್ರು. ಕಿಟ್ಟಿ ನಾಣ್ಯನ ಪ್ಯಾಂಟಿಗೆ ಒರೆಸಿ ಇದ್ದಲ್ಲೇ ಇಟ್ಟ. ಯಾರಾದ್ರೂ ಎತ್ಕೊಂಡು ಹೋದಾರು ಅಂತ ರಾಯ್ರು ಸಣ್ಣ ಕಲ್ಲೊಂದನ್ನ ಕಾಲಲ್ಲಿ ತಳ್ಳಿ ಅದರ ಮೇಲೆ ಮುಚ್ಚಿದ್ರು.